ತಿಳಿಸಾರಿನ ಜೊತೆ ಯಾವ ವೈನ್? ಅಲ್ಸಾಸ್‌ನಲ್ಲಿ ನಾನು ಕಲಿತದ್ದು

"ಇಂಡಿಯನ್ ಊಟನಾ? ಹಾಗಾದರೆ ಗೆವುರ್ಜ್‌ಟ್ರಾಮಿನರ್ ತಗೊಳ್ಳಿ."

ಫ್ರಾನ್ಸಿನ ಒಂದು ವೈನ್ ಮನೆಯಲ್ಲಿ ಕೆಲಸಕ್ಕಿದ್ದ ಮೊದಲ ವರ್ಷ ಈ ಮಾತನ್ನು ನಾನು ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೋ ಲೆಕ್ಕ ಇಲ್ಲ. ಯಾರೋ ಹೇಳಿಕೊಟ್ಟಿದ್ದರು, ನಾನು ಗಿಳಿಪಾಠ ಒಪ್ಪಿಸುತ್ತಿದ್ದೆ. ನೋಡೋಕೆ ಬೇರೆ ಇಂಡಿಯನ್ನು, ಹಾಗಾಗಿ ಎಲ್ಲರೂ ನಂಬುತ್ತಿದ್ದರು. ಒಂದು ಭಾನುವಾರ ಮನೆಯಲ್ಲಿ ತಿಳಿಸಾರು, ಬೀನ್ಸ್ ಪಲ್ಯ ಮಾಡಿಕೊಂಡು ಅದೇ ಬಿಳಿ ವೈನ್ ಗ್ಲಾಸಿಗೆ ಸುರಿದುಕೊಂಡು ಕೂತೆ. ಒಂದು ಗುಟುಕು ಸಾರು, ಒಂದು ಗುಟುಕು ವೈನ್. ಎಂಥಾ ಚಪ್ಪೆ ಅಂತೀರಿ! ಪನ್ನೀರಿಗೆ ಸಕ್ಕರೆ ಕದಡಿ ಬಿಸಿಲಲ್ಲಿ ಇಟ್ಟು ಮರೆತ ಹಾಗಿತ್ತು. ಆ ವೈನ್ ಕೆಟ್ಟದ್ದೇನೂ ಅಲ್ಲ, ಸುಮ್ನೆ ಕುಡಿದರೆ ಸೊಗಸಾದದ್ದೇ. ಸಾರಿನ ಮುಂದೆ ಮಾತ್ರ ಮಲಗಿಬಿಟ್ಟಿತು.

ನಾನು ಕೆಲಸ ಮಾಡಿದ್ದು ಫ್ರಾನ್ಸಿನ ಪೂರ್ವದ ಅಂಚಿನ ಅಲ್ಸಾಸ್‌ನಲ್ಲಿ. ರಿಬೊವಿಲೆ ಹತ್ತಿರ, ಒಂದು ಕುಟುಂಬದ ಚಿಕ್ಕ ವೈನ್ ಮನೆ. ಮೂರು ಸುಗ್ಗಿ ಅಲ್ಲಿದ್ದೆ. ಬೆಳಿಗ್ಗೆ ಹೊತ್ತು ದ್ರಾಕ್ಷಿ ಕೊಯ್ಯೋದು, ಮಧ್ಯಾಹ್ನದ ಮೇಲೆ ಬಂದವರಿಗೆ ರುಚಿ ತೋರಿಸೋದು. ಮಾರ್ಲೆನ್‌ಹೈಮ್‌ನಿಂದ ತಾನ್‌ವರೆಗೆ ಸುಮಾರು 170 ಕಿಲೋಮೀಟರ್ ಉದ್ದದ ವೈನ್ ರಸ್ತೆ ಇದೆ, 1953ರಲ್ಲಿ ಶುರುವಾದದ್ದು. ಅದರ ಉದ್ದಕ್ಕೂ ಇಂಥ ಮನೆಗಳೇ. ಪಶ್ಚಿಮದಿಂದ ಬರುವ ಮೋಡಗಳನ್ನು ವೋಜ್ ಬೆಟ್ಟ ತಡೆದು ಆಚೆ ಕಡೆಯೇ ಇಳಿಸಿಬಿಡುತ್ತದೆ. ನಮ್ಮಲ್ಲಿ ಆಗುಂಬೆ ನೆನೆಯುತ್ತಿದ್ದರೆ ಚಿತ್ರದುರ್ಗ ಒಣಗಿರುತ್ತದಲ್ಲ, ಅದೇ ಲೆಕ್ಕ. ಅದಕ್ಕೇ ಕೊಲ್ಮಾರ್ ಫ್ರಾನ್ಸಿನ ತೀರಾ ಕಡಿಮೆ ಮಳೆಯ ಊರುಗಳಲ್ಲಿ ಒಂದು. ಚಳಿ ಇದೆ, ಮಳೆ ಕಮ್ಮಿ, ಶರತ್ಕಾಲ ಉದ್ದ. ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ, ಹುಳಿ ಪೂರ್ತಿ ಕಳೆದುಕೊಳ್ಳದೆ ಪರಿಮಳ ತುಂಬಿಕೊಳ್ಳುತ್ತದೆ.

ಅಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಳಿ ವೈನೇ. ಫ್ರಾನ್ಸಿನ ಬೇರೆ ಕಡೆ ಲೇಬಲ್ ಮೇಲೆ ಊರಿನ ಹೆಸರು ದೊಡ್ಡದಾಗಿ ಇರುತ್ತದೆ, ದ್ರಾಕ್ಷಿ ಯಾವುದು ಅಂತ ನೀವೇ ತಿಳಿದುಕೊಳ್ಳಬೇಕು. ಇಲ್ಲಿ ದ್ರಾಕ್ಷಿಯ ಹೆಸರೇ ಇರುತ್ತದೆ: ರೀಸ್ಲಿಂಗ್, ಪಿನೋ ಗ್ರಿ, ಸಿಲ್ವಾನೇರ್. ರೀಸ್ಲಿಂಗ್ ಅಂತ ಬರೆದಿದ್ದರೆ ಒಳಗೆ ಪೂರಾ ರೀಸ್ಲಿಂಗೇ. ಪಿನೋ ಬ್ಲಾಂ ಅಂತ ಬರೆದದ್ದರಲ್ಲಿ ಮಾತ್ರ ಓಸೆರ್ವಾ ಅನ್ನೋ ಇನ್ನೊಂದು ದ್ರಾಕ್ಷಿ ಧಾರಾಳವಾಗಿ ಸೇರಿರುತ್ತದೆ, ಅದು ಕಾನೂನು ಪ್ರಕಾರವೇ. ಹೊಸಬರಿಗೆ ಈ ಪದ್ಧತಿ ಎಷ್ಟೋ ಸುಲಭ.

ಕಷ್ಟ ಆಗಿದ್ದು ಎರಡು ವಿಷಯಕ್ಕೆ. ಒಂದು, ಉಗಿಯುವುದು. ದಿನಕ್ಕೆ ನಲವತ್ತು ಗುಟುಕು ರುಚಿ ನೋಡಬೇಕು ಅಂದರೆ ನುಂಗುವ ಹಾಗಿಲ್ಲ, ಬಕೆಟ್‌ಗೆ ಉಗಿಯಬೇಕು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಜ್ಜಿ ಬೈಯುತ್ತಿದ್ದ ಮನೆಯಲ್ಲಿ ಬೆಳೆದವರಿಗೆ, ನಾಲ್ಕು ಜನರ ಎದುರು ಒಳ್ಳೆಯ ವೈನನ್ನು ಉಗಿಯೋದು ಅಂದರೆ... ಮೊದಲ ವಾರ ನುಂಗಿದೆ. ಸಂಜೆ ಐದಕ್ಕೆ ಬಿಲ್ ಲೆಕ್ಕ ತಪ್ಪಿತು. ಆಮೇಲೆ ಉಗಿದೆ.

ಎರಡನೆಯದು ಸಸ್ಯಾಹಾರ. ನಾನು ಮಾಂಸ ತಿನ್ನುವುದಿಲ್ಲ. ಅಲ್ಸಾಸ್‌ನ ಊಟ ನೋಡಿದರೆ ಹುದುಗಿಸಿದ ಕೋಸಿನ ಮೇಲೆ ಹಂದಿಮಾಂಸ, ಸಾಸೇಜು ಪೇರಿಸಿದ ಶುಕ್ರೂತ್. ಮೂರು ಮಾಂಸ ಹಾಕಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಬೇಕಾಓಫ. ವೈನಲ್ಲೇ ಬೆಂದ ಕೋಳಿ. ಗಿರಾಕಿ ಕೇಳುತ್ತಾರೆ, ಶುಕ್ರೂತ್‌ಗೆ ಯಾವುದು? ರೀಸ್ಲಿಂಗ್ ಅನ್ನುತ್ತಿದ್ದೆ. ಯಾಕೆ? ಗೊತ್ತಿಲ್ಲ! ಕೊನೆಗೆ ಮನೆಯೊಡತಿ ಒಂದು ದಿನ ಬರೀ ಕೋಸನ್ನು ಬೇರೆ ಬೇಯಿಸಿ ಕೊಟ್ಟರು. ಆಗ ತಿಳಿಯಿತು. ಕೋಸಿನ ಹುಳಿಗೆ ಸಮನಾದ ಹುಳಿ ವೈನಲ್ಲೂ ಇದ್ದರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ವೈನಿನ ಹುಳಿ ಕಮ್ಮಿಯಾದರೆ ಊಟ ಗೆಲ್ಲುತ್ತದೆ, ವೈನ್ ನೀರು ನೀರಾಗುತ್ತದೆ.

ಇದೇ ಸಾರಿನ ಕಥೆ ಅಲ್ವಾ? ಗೆವುರ್ಜ್‌ಟ್ರಾಮಿನರ್‌ನ ಪರಿಮಳ ಜಾಸ್ತಿ, ಆಲ್ಕೋಹಾಲ್ ಜಾಸ್ತಿ, ಎಷ್ಟೋ ಸಲ ಸಿಹಿಯೂ ಇರುತ್ತದೆ, ಆದರೆ ಹುಳಿ ಕಮ್ಮಿ. ಹೆಸರಲ್ಲಿರುವ 'ಗೆವುರ್ಜ್' ಅಂದರೆ ಜರ್ಮನ್‌ನಲ್ಲಿ ಮಸಾಲೆ. ಹಾಗಂತ ಮಸಾಲೆ ಊಟಕ್ಕೆಲ್ಲ ಅದೇ ಅಂತ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಇಂಡಿಯನ್ ಊಟ ಅಂದಾಗ ಅವರ ತಲೆಯಲ್ಲಿರೋದು ಕೆನೆ, ಗೋಡಂಬಿ ಹಾಕಿದ ಕುರ್ಮಾ. ಅದಕ್ಕೆ ಸರಿಯೇ. ಹುಣಸೆಹಣ್ಣಿನ ಲೆಕ್ಕ ಯಾರೂ ಹಾಕಿಲ್ಲ.

ಹುಣಸೆಯ ವಿಷಯ ನನಗೆ ಹೊಳೆದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಆಳೆತ್ತರಕ್ಕಿಂತ ದೊಡ್ಡ ಓಕ್ ಪೀಪಾಯಿಗಳಿವೆ, ಫೂದ್ರ್ ಅನ್ನುತ್ತಾರೆ, ಮೊಟ್ಟೆ ಆಕಾರ. ಎಷ್ಟು ಹಳೆಯವು ಅಂದರೆ ಮರದ ರುಚಿ ವೈನಿಗೆ ಬರುವುದೇ ಇಲ್ಲ. ಒಳಗೋಡೆಯ ಮೇಲೆ ಕಲ್ಲುಸಕ್ಕರೆಯಂಥ ಹರಳು ಕಟ್ಟಿರುತ್ತದೆ. ತೊಳೆಯುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹುಳಿ, ಆದರೆ ನಿಂಬೆಯದ್ದಲ್ಲ. ಎಲ್ಲೋ ಗೊತ್ತಿರುವ ಹುಳಿ. ಕೇಳಿದರೆ ಟಾರ್ಟಾರಿಕ್ ಆಸಿಡ್‌ನ ಉಪ್ಪು ಅಂದರು. ದ್ರಾಕ್ಷಿಯ ಮುಖ್ಯ ಹುಳಿ ಅದೇ. ಹುಣಸೆಯ ಮುಖ್ಯ ಹುಳಿಯೂ ಅದೇ! ಅವತ್ತು ಸಂಜೆಯೇ ಮನೆಗೆ ಒಂದು ಬಾಟಲಿ ರೀಸ್ಲಿಂಗ್ ಹೊತ್ತುಕೊಂಡು ಹೋಗಿ ಮತ್ತೆ ಸಾರು ಮಾಡಿದೆ, ಮೆಣಸು ಜೀರಿಗೆ ಸ್ವಲ್ಪ ಮುಂದಾಗಿ, ಒಣಮೆಣಸಿನಕಾಯಿ ಹಿಂದಾಗಿ. ಕೂತಿತು. ಸಾರಿನ ಹುಳಿ ವೈನಿನ ಹುಳಿಯನ್ನು ಸ್ವಲ್ಪ ತಗ್ಗಿಸಿ ಒಳಗಿದ್ದ ಹಣ್ಣಿನ ರುಚಿಯನ್ನು ಮೇಲೆ ತಂದಿತು.

ರೀಸ್ಲಿಂಗ್ ಬಗ್ಗೆ ಇನ್ನೊಂದು ಮಾತು. ಕೆಲವು ವರ್ಷ ಇಟ್ಟ ಬಾಟಲಿ ತೆರೆದರೆ ಪೆಟ್ರೋಲ್ ವಾಸನೆ ಬರಬಹುದು. ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಮಾತ್ರ ಸೀದಾ ಅಜ್ಜಿಮನೆಯ ಸೀಮೆಎಣ್ಣೆ ಸ್ಟೌ ನೆನಪಾಯಿತು. ಮೊದಲು ಹೆದರಿದೆ, ಈಗ ಹುಡುಕಿಕೊಂಡು ಕುಡಿಯುತ್ತೇನೆ.

ಖಾರಕ್ಕೆ ಬೇರೆ ಲೆಕ್ಕ. ಆಲ್ಕೋಹಾಲ್ ಖಾರವನ್ನು ಕೆರಳಿಸುತ್ತದೆ. ಕೆಂಪು ವೈನಿನ ಒಗರು ಇನ್ನೂ ಕೆಟ್ಟದ್ದು. ಬ್ಯಾಡಗಿ ಮೆಣಸಿನಕಾಯಿ ಆದರೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಹೇಗೋ ನಡೆಯುತ್ತದೆ. ಗುಂಟೂರು ಹಾಕಿದ ಚಟ್ನಿಪುಡಿ ಮುಂದೆ ಪಿನೋ ನ್ವಾರ್ ಅನ್ನೋ ಕೆಂಪು ವೈನ್ ಇಟ್ಟು ನೋಡಿದ್ದೇನೆ, ಬಾಯಿಗೆ ಬೆಂಕಿ. ಖಾರದ ಊಟಕ್ಕೆ ಸ್ವಲ್ಪ ಸಿಹಿ ಉಳಿದಿರುವ ವೈನ್ ಬೇಕು. ಮೊದಲೆಲ್ಲ ಅಲ್ಸಾಸ್ ಬಾಟಲಿ ಕೊಂಡರೆ ಒಳಗೆ ಸಿಹಿ ಇದೆಯೋ ಇಲ್ಲವೋ ಅಂತ ಬಿರಡೆ ತೆಗೆಯುವವರೆಗೆ ಗೊತ್ತಾಗುತ್ತಿರಲಿಲ್ಲ. 2021ರ ಬೆಳೆಯಿಂದ ಲೇಬಲ್ ಮೇಲೆ ಬರೆಯಲೇಬೇಕು ಅಂತಾಗಿದೆ: ಸೆಕ್ ಅಂದರೆ ಸಿಹಿ ಇಲ್ಲ, ಆಮೇಲೆ ದೆಮಿ-ಸೆಕ್, ಮ್ವಾಲೂ, ದೂ ಅಂತ ಏರುತ್ತಾ ಹೋಗುತ್ತದೆ. ಬಾಟಲಿ ಕೊಳ್ಳುವವರು ಬೇರೇನೂ ಓದದಿದ್ದರೂ ಇದೊಂದು ಓದಿ.

ಗೆವುರ್ಜ್‌ಟ್ರಾಮಿನರ್ ನನ್ನ ಅಡಿಗೆಮನೆಯಲ್ಲಿ ಗೆದ್ದದ್ದು ಸಾಗು ಜೊತೆ. ತೆಂಗಿನಕಾಯಿ, ಗಸಗಸೆ, ಚಕ್ಕೆ ಲವಂಗ, ಹುಳಿ ಇಲ್ಲ, ಖಾರ ಹದ. ಪೂರಿ ಸಾಗು ಜೊತೆ ಕುಡಿದಾಗ ಆ ವೈನಿನ ಗುಲಾಬಿ, ಲಿಚಿ ವಾಸನೆಗೆ ಮನೆ ಸಿಕ್ಕಂತಾಯಿತು. ಅಲ್ಸಾಸ್‌ನವರು ಆ ವೈನನ್ನು ಮುನ್‌ಸ್ಟೆರ್ ಚೀಸ್ ಜೊತೆ, ಚೀಸ್ ಮೇಲೆ ಒಂದು ಚಿಟಿಕೆ ಜೀರಿಗೆ ಉದುರಿಸಿಕೊಂಡು ಕುಡಿಯುತ್ತಾರೆ. ವಾಸನೆ ಭಯಂಕರ, ಫ್ರಿಜ್ ತೆಗೆದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ, ಆದರೆ ಜೋಡಿ ಅಂದರೆ ಜೋಡಿ. ಆ ಚೀಸ್‌ನ ಹಾಲು ಒಡೆಯೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ ಅಂತ ನನಗೆ ತಿಳಿದದ್ದು ಎರಡನೇ ವರ್ಷ. ಬಿಟ್ಟೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿನ ಮಸ್ಕಾ ವೈನ್ ಮೂಸಿದರೆ ಗೊಂಚಲಿನಿಂದ ಆಗ ತಾನೇ ಕಿತ್ತ ದ್ರಾಕ್ಷಿಯ ವಾಸನೆ. ಬೇರೆ ಯಾವ ವೈನಲ್ಲೂ ದ್ರಾಕ್ಷಿಯದೇ ವಾಸನೆ ಇಷ್ಟು ನೇರವಾಗಿ ಬರುವುದಿಲ್ಲ, ವಿಚಿತ್ರ ಅಲ್ವಾ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ತಿಂದು ಬೆಳೆದ ನನಗೆ ಅದು ಬೇರೆ ಜಾತಿ, ಬೇರೆ ವಾಸನೆ ಅಂತ ಗೊತ್ತಿದ್ದರೂ ಮೂಗು ಊರಿಗೇ ಓಡಿತು. ಸಿಹಿ ಇಲ್ಲದ ಮಸ್ಕಾವನ್ನು ಅಲ್ಲಿ ವಸಂತದಲ್ಲಿ ಬಿಳಿ ಆಸ್ಪರಾಗಸ್ ಜೊತೆ ಕೊಡುತ್ತಾರೆ. ನಾನು ಹೆಸರುಬೇಳೆ ಕೋಸಂಬರಿ ಜೊತೆ ಕೊಟ್ಟೆ, ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು.

ಪಿನೋ ಗ್ರಿ ಅಣಬೆಗೆ. ಬಿಸಿಬೇಳೆಬಾತ್‌ಗೂ ಹೊಂದಬಹುದು ಅಂದುಕೊಂಡಿದ್ದೆ, ಹೊಂದಲಿಲ್ಲ, ಅಲ್ಲೂ ಹುಣಸೆ ಕಾಲೆಳೆಯಿತು. ಸಿಲ್ವಾನೇರ್ ಸರಳ, ಅಗ್ಗ, ಈರುಳ್ಳಿ ಟಾರ್ಟ್‌ಗೆ ಸಾಕು. ಕ್ರೇಮಾಂ ಅನ್ನುವ ಗುಳ್ಳೆ ವೈನ್‌ನ ಬಗ್ಗೆ ಎರಡು ಮಾತಿಲ್ಲ. ಬಾಟಲಿಯೊಳಗೇ ಎರಡನೇ ಸಲ ಹುದುಗಿ, ಕನಿಷ್ಠ ಒಂಬತ್ತು ತಿಂಗಳು ತಳದಲ್ಲಿ ಕೂತ ಯೀಸ್ಟ್ ಗಸಿಯ ಮೇಲೆ ಮಲಗಿ ಬರುವ ವೈನ್ ಅದು. ಈರುಳ್ಳಿ ಬಜ್ಜಿ, ಆಲೂ ಬೋಂಡಾ, ಮದ್ದೂರು ವಡೆ, ಯಾವುದಾದರೂ ಸರಿ. ಎಣ್ಣೆಯನ್ನು ಗುಳ್ಳೆ, ಹುಳಿ ಎರಡೂ ಸೇರಿ ತೊಳೆದುಬಿಡುತ್ತವೆ.

ಕೊನೆಯ ಸುಗ್ಗಿ ಮುಗಿದ ಮೇಲೆ ಆ ಮನೆಯವರನ್ನೆಲ್ಲ ಊಟಕ್ಕೆ ಕರೆದೆ. ಹೋಳಿಗೆಗೆ ಅಂತ ವಾಂದಾಂಜ್ ತಾರ್ದೀವ್, ಅಂದರೆ ಗಿಡದಲ್ಲೇ ಜಾಸ್ತಿ ದಿನ ಬಿಟ್ಟು ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನ್, ಜೋಪಾನವಾಗಿ ಇಟ್ಟಿದ್ದೆ. ಬೆಲೆಯೂ ಕಡಿಮೆಯದ್ದಲ್ಲ. ಸಿಹಿಯ ಜೊತೆ ಕುಡಿಯುವ ವೈನ್ ಆ ಸಿಹಿಗಿಂತ ಸಿಹಿ ಇರಬೇಕು ಅಂತ ಮೂರು ವರ್ಷ ಬೇರೆಯವರಿಗೆ ಹೇಳಿದವಳು ನಾನೇ. ಆದರೂ ಬೆಲ್ಲ ಹಾಕುವಾಗ ಕೈ ಬಿಗಿ ಹಿಡಿಯಲಿಲ್ಲ. ಅಷ್ಟು ಒಳ್ಳೆಯ ವೈನ್ ಹೋಳಿಗೆ ಮುಂದೆ ಹುಳಿ ನೀರಿನ ಹಾಗೆ ಆಯಿತು. ಮನೆಯ ಹಿರಿಯರು ಏನೂ ಅನ್ನಲಿಲ್ಲ. ಗ್ಲಾಸನ್ನು ಪಕ್ಕಕ್ಕೆ ಸರಿಸಿಟ್ಟು, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ ಆ ವೈನನ್ನು ಒಂದೊಂದೇ ಗುಟುಕು ಬೇರೆಯಾಗಿ ಕುಡಿದರು.