ಓಎಸ್ ಅಪ್‌ಗ್ರೇಡ್‌ಗೆ ಮುಂಚೆ ಬ್ಯಾಕಪ್ ತೆರೆದು ನೋಡಿ

ಯೂನಿಕ್ಸ್ ವರ್ಕ್‌ಸ್ಟೇಷನ್ ಅಪ್‌ಗ್ರೇಡ್ ಮಾಡೋರು ದಯವಿಟ್ಟು ಗಮನಿಸಿ. ಬ್ಯಾಕಪ್ ತಗೊಂಡರಷ್ಟೇ ಸಾಲದು, ಅದರಿಂದ ನಾಲ್ಕು ಫೈಲ್ ಬೇರೆ ಡೈರೆಕ್ಟರಿಗೆ ಬಿಚ್ಚಿ, ತೆರೆದು ನೋಡಿ. ಒಮ್ಮೆ ಡಿಸ್ಕ್ ತುಂಬಿ ನನ್ನ ಟಾರ್ ಫೈಲ್ (ಎಲ್ಲ ಫೈಲ್‌ಗಳನ್ನು ಒಂದಾಗಿ ಕಟ್ಟಿದ ಬ್ಯಾಕಪ್) ಅರ್ಧಕ್ಕೇ ನಿಂತಿತ್ತು. ನೋಡದೆ ಮುಂದುವರಿದು 2 ವರ್ಷದ ಕೆಲಸ ಕಳೆದುಕೊಂಡೆ, ಆ ಸಂಕಟ ಯಾರಿಗೂ ಬೇಡ.

ಹೋಮ್, ಅಂದರೆ ನಿಮ್ಮ ಸ್ವಂತ ಫೈಲ್‌ಗಳಿರೋ ಡೈರೆಕ್ಟರಿ, ಡಿಸ್ಕ್‌ನ ಬೇರೆ ಭಾಗದಲ್ಲಿ (ಪಾರ್ಟಿಷನ್‌ನಲ್ಲಿ) ಇದ್ದರೆ ಇನ್‌ಸ್ಟಾಲರ್‌ನಲ್ಲಿ ಅದನ್ನು ಮೌಂಟ್ (ಇದ್ದ ಹಾಗೇ ಜೋಡಿಸೋದು) ಮಾತ್ರ ಮಾಡಿಸಿ, ಫಾರ್ಮ್ಯಾಟ್ ಬೇಡ. ಹೊಸ ಕರ್ನಲ್‌ನಲ್ಲಿ (ಓಎಸ್‌ನ ತಿರುಳು) ಡಿಸ್ಕ್‌ಗಳ ಹೆಸರು ಅದಲುಬದಲಾಗಬಹುದು. ಅದಕ್ಕೇ ಪ್ರತಿ ಡಿಸ್ಕ್‌ನ ಗಾತ್ರ, ಸೀರಿಯಲ್ ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬ್ಯಾಕಪ್‌ನಲ್ಲಿ ಸಾಮಾನ್ಯವಾಗಿ ಮರೆತುಹೋಗೋದು ಸಿಸ್ಟಮ್ ಸೆಟ್ಟಿಂಗ್‌ಗಳಿರೋ ಇಟಿಸಿ (/etc) ಡೈರೆಕ್ಟರಿ ಮತ್ತು ನಿಗದಿತ ಸಮಯಕ್ಕೆ ತಾನಾಗಿ ಓಡೋ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್. ಡೇಟಾಬೇಸ್ ಓಡುತ್ತಿದ್ದರೆ ಫೈಲ್ ನಕಲು ನಂಬಬೇಡಿ, ಡೇಟಾಬೇಸ್‌ನ ಸಾಧನದಿಂದಲೇ ಡಂಪ್ (ಪೂರ್ತಿ ಮಾಹಿತಿಯ ಪ್ರತಿ) ತೆಗೀರಿ. ಹೊಸ ಸಿಸ್ಟಮ್‌ನಲ್ಲಿ ಬಳಕೆದಾರರಿಗೆ ಹಳೇ ಯುಐಡಿಯನ್ನೇ (ಬಳಕೆದಾರರ ಗುರುತಿನ ಸಂಖ್ಯೆ) ಕೊಡಿ. ಇಲ್ಲದಿದ್ದರೆ ಫೈಲ್ ಇದ್ದರೂ ಪರ್ಮಿಷನ್ ಸಿಗಲ್ಲ.