ಗುಜರಿಯ ಫ್ರಿಜ್ ಕಂಪ್ರೆಸರ್, ಲಾರಿಯ ಟ್ಯಾಂಕ್, ನನ್ನ ಏರ್‌ಬ್ರಶ್

ಹಳೇ ಫ್ರಿಜ್ಜಿನ ಕಂಪ್ರೆಸರ್ ಮೂರು ವರ್ಷದಿಂದ ನನ್ನ ಮೇಜಿನ ಕೆಳಗೆ ಕೂತು ಏರ್‌ಬ್ರಶ್ಶಿಗೆ, ಅಂದರೆ ಬಣ್ಣ ಸಿಂಪಡಿಸುವ ಪುಟ್ಟ ಗನ್ನಿಗೆ, ಗಾಳಿ ಕೊಡುತ್ತಿದೆ. "ಒಂದು ಮಳೆಗಾಲ ದಾಟಿದರೆ ಹೇಳಿ ಮಾರಾಯ್ರೆ" ಎಂದು ನಕ್ಕವರು ಮಾಡೆಲ್ ಕಟ್ಟುವ ನಮ್ಮ ಗೆಳೆಯರಲ್ಲೇ ಇದ್ದರು. ಈಗ ಮೂರು ಮಳೆಗಾಲ ಆಯಿತು. ಅದೂ ಮಂಗಳೂರಿನ ಮಳೆಗಾಲ. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಮೂರು ಸಲ ದುಡ್ಡು ಕಳೆದುಕೊಂಡಿದ್ದೇನೆ. ಮೊದಲನೆಯದು ಕಾರಿನ ಟೈರಿಗೆ ಗಾಳಿ ಹಾಕುವ 12 ವೋಲ್ಟಿನ ಡಬ್ಬಿ, ಸಾವಿರದ ಚಿಲ್ಲರೆ. ಗಾಳಿ ಟುಕುಟುಕು ಬರುತ್ತಿತ್ತು, ಬಣ್ಣವೂ ಟುಕುಟುಕು ಬೀಳುತ್ತಿತ್ತು. ನಡುವೆ ಜೀಪಿನ ಹಳೇ ಟ್ಯೂಬ್ ಕಟ್ಟಿ ನೋಡಿದೆ. ಗಾಳಿ ಸಮ ಆಯಿತು ನಿಜ, ಆದರೆ ಟ್ಯೂಬಿನೊಳಗಿನ ಬಿಳಿ ಪೌಡರೆಲ್ಲ ಹಸಿ ಬಣ್ಣದ ಮೇಲೆ ಬಂದು ಕೂತಿತು.

ಎರಡನೆಯದು 25 ಲೀಟರಿನ ಗ್ಯಾರೇಜ್ ಕಂಪ್ರೆಸರ್, ಏಳೂವರೆ ಸಾವಿರ. ಗಾಳಿಗೇನೂ ಕಮ್ಮಿ ಇಲ್ಲ. ಆದರೆ ಸದ್ದು! ರಾತ್ರಿ ಒಂಬತ್ತಕ್ಕೆ ಸ್ವಿಚ್ ಹಾಕಿದರೆ ಪಕ್ಕದ ಮನೆಯ ಅಜ್ಜಿ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದರು. ಎರಡು ತಿಂಗಳಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟೆ.

ಮೂರನೆಯದು ನಾವೆಲ್ಲ ಕೊಳ್ಳುವ 3 ಲೀಟರ್ ಟ್ಯಾಂಕಿನ ಪುಟ್ಟ ಪಿಸ್ಟನ್ ಕಂಪ್ರೆಸರ್. ಇದಕ್ಕೆ ಒಂಬತ್ತು ಸಾವಿರ ಹತ್ತಿರ ಆಯಿತು. ಅದನ್ನು ಕೆಟ್ಟದು ಅನ್ನುವುದಿಲ್ಲ, ಹೊಸಬರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಲೆಕ್ಕ ಹಾಕಿ. ಅದು 3 ಬಾರ್ (ಗಾಳಿಯ ಒತ್ತಡದ ಅಳತೆ) ಇದ್ದಾಗ ಶುರುವಾಗಿ 4 ಬಾರ್‌ಗೆ ನಿಲ್ಲುತ್ತದೆ. ಒಂದು ಬಾರ್ ಇಳಿಯುವಾಗ ಸಿಗುವುದು ಟ್ಯಾಂಕಿನ ಅಳತೆಯಷ್ಟೇ, ಅಂದರೆ ನಮ್ಮ ಕೈಗೆ ಮೂರೇ ಲೀಟರ್ ಗಾಳಿ. ಗನ್ನಿನ ತುದಿಯ 0.3 ಮಿ.ಮೀ. ನಾಜಲ್ ನಿಮಿಷಕ್ಕೆ ಹತ್ತು ಲೀಟರ್ ಕುಡಿಯುತ್ತದೆ ಅಂದುಕೊಂಡರೂ ಇಪ್ಪತ್ತು ಸೆಕೆಂಡಿಗೆ ಮೋಟರ್ ಮತ್ತೆ ಶುರು. ಮೋಟರ್ ಬಿಸಿ, ಗಾಳಿ ಬಿಸಿ. ಜೂನ್ ಬಂತೆಂದರೆ ಆ ಬಿಸಿ ಗಾಳಿಯ ಜೊತೆ ನೀರೂ ಬರುತ್ತದೆ.

ನನ್ನ ಕಣ್ಣು ತೆರೆಸಿದ್ದು ಒಂದು ಮಿಗ್-21 ಯುದ್ಧವಿಮಾನದ ಮಾಡೆಲ್, ನಿಜದ್ದರ 1/72 ಅಳತೆಯದು. ನಮ್ಮ ವಾಯುಪಡೆಯ ಮೊದಲ ಕಾಲದ್ದು, ಬಣ್ಣವಿಲ್ಲದ ಬರೀ ಲೋಹದ ಮೈ. ಹೊಳೆಯುವ ಕಪ್ಪು ಬಳಿದು ಮೂರು ದಿನ ಒಣಗಿಸಿ, ಮೇಲೆ ಆಲ್‌ಕ್ಲ್ಯಾಡ್ ಎಂಬ ಲೋಹದ ಹೊಳಪಿನ ಬೆಳ್ಳಿ ಬಣ್ಣ ಬಿಡುತ್ತಿದ್ದೆ. ಒತ್ತಡ 12 ಪಿಎಸ್ಐ, ಅಂದರೆ ಒಂದು ಬಾರ್‌ಗೂ ಕಮ್ಮಿ, ಇರಬಹುದು. ಎಡ ರೆಕ್ಕೆ ಕನ್ನಡಿಯ ಹಾಗೆ ಬಂತು. ಬಲ ರೆಕ್ಕೆಯ ಅರ್ಧದಲ್ಲಿ ಗನ್ ಒಮ್ಮೆ ಕೆಮ್ಮಿತು. ಸಾಸಿವೆಯಷ್ಟು ಒಂದು ಹನಿ ಬಿತ್ತು. ಅದರ ಸುತ್ತ ಬೆಳ್ಳಿ ಸರಿದು ಕಪ್ಪು ಬಳೆಯೊಂದು ನಿಧಾನಕ್ಕೆ ಅಗಲವಾಯಿತು. ಗಾಳಿಯ ನೀರು ಹಿಡಿಯುವ ಫಿಲ್ಟರಿನ ಬಟ್ಟಲು ನೋಡಿದರೆ ಒಣಗಿಯೇ ಇತ್ತು. ಫಿಲ್ಟರ್ ಇರುವುದು ಕಂಪ್ರೆಸರಿನ ಮೂತಿಗೇ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಆಮೇಲೆ ಪೈಪಿನಲ್ಲಿ ತಣಿದು ಹನಿ ಕಟ್ಟುತ್ತದೆ. ನಮಗೆ ಬೇಕಾದ್ದು ಸದ್ದಿಲ್ಲದ ಮೋಟರ್, ದೊಡ್ಡ ಟ್ಯಾಂಕ್, ತಣ್ಣಗಿನ ಗಾಳಿ. ಎಚ್‌ಪಿ ಅಲ್ಲ.

ಸದ್ದಿಲ್ಲದ ಮೋಟರಿಗೆ ಫ್ರಿಜ್ ಕಂಪ್ರೆಸರ್, ಗುಜರಿಯಲ್ಲಿ ಏಳುನೂರಕ್ಕೆ ಸಿಕ್ಕಿತು. ಗ್ಯಾಸ್ ಮೊದಲೇ ತೆಗೆದದ್ದನ್ನೇ ಕೇಳಿ ತಂದೆ. ಹೊಸ ಫ್ರಿಜ್ಜುಗಳ ಗ್ಯಾಸಿಗೆ ಬೆಂಕಿ ಹಿಡಿಯುತ್ತದೆ, ನೀವೇ ಕೊಳವೆ ಕುಯ್ಯಲು ಹೋಗಬೇಡಿ. ಮೋಟರ್ ಶುರು ಮಾಡಿಸುವ ಸ್ಟಾರ್ಟರ್ ರಿಲೇ, ಭಾರ ಹೆಚ್ಚಾದರೆ ಕರೆಂಟ್ ತಪ್ಪಿಸುವ ಓವರ್‌ಲೋಡ್ ಎರಡೂ ಜೊತೆಗೇ ಇದೆಯಾ ನೋಡಿಕೊಳ್ಳಿ. ನಾನು ಮಾಡಿದ ತಪ್ಪು ಅಂದರೆ ಸ್ಕೂಟರಿನಲ್ಲಿ ಅಡ್ಡ ಮಲಗಿಸಿ ತಂದದ್ದು. ಮನೆಗೆ ಬಂದವನೇ ಪ್ಲಗ್ ಹಾಕಿದೆ. ಒಳಗಿನ ಆಯಿಲ್ ಪಿಚಕಾರಿಯ ಹಾಗೆ ಹಾರಿ, ಆ ವರ್ಷವಷ್ಟೇ ಸುಣ್ಣ ಬಳಿದ ಗೋಡೆಗೆ ಬಡಿಯಿತು. ಮೊಣಕೈ ಉದ್ದದ ಕಲೆ. ಹೆಂಡತಿ ಅದಕ್ಕೊಂದು ಕ್ಯಾಲೆಂಡರ್ ತೂಗು ಹಾಕಿದ್ದಾಳೆ.

ಹಳೇ ಆಯಿಲ್ ಪೂರ್ತಿ ಬಸಿದು ಬೇರೆ ಹಾಕಿದೆ. ಆರ್134ಎ ಎಂಬ ಗ್ಯಾಸಿನ ಕಂಪ್ರೆಸರಿನ ಆಯಿಲ್ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಊರಿಗೆ ಅದು ಆಗಿಬರುವುದಿಲ್ಲ. ಯಾವುದು ಹಾಕಿದೆ, ಎಷ್ಟು ಹಾಕಿದೆ ಎಂದು ಮಾತ್ರ ಕೇಳಬೇಡಿ. ಎರಡು ಕಂಪ್ರೆಸರ್ ಸುಟ್ಟು ಕಲಿತದ್ದು ಅದು. ಗಾಳಿ ಎಳೆಯುವ ಕೊಳವೆಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದ್ದೇನೆ, ನಲವತ್ತು ರೂಪಾಯಿ.

ಟ್ಯಾಂಕಿಗೆ ಲಾರಿಯ ಏರ್ ಬ್ರೇಕಿನ ಸಿಲಿಂಡರ್. 20 ಲೀಟರ್, ಸಾವಿರದ ಎಂಟುನೂರು. ಲಾರಿಯಲ್ಲಿ ಅದು 8 ಬಾರ್ ತಡೆದುಕೊಂಡೇ ಓಡಾಡುತ್ತಿರುತ್ತದೆ, ನನಗೆ ಬೇಕಾದ್ದು ಐದು. ಅಡಿಯಲ್ಲಿ ನೀರು ಬಿಡುವ ವಾಲ್ವ್ ಕೂಡ ಇರುತ್ತದೆ. ಆದರೂ ಹಳೆಯದಲ್ವಾ, ಪ್ಲಂಬರ್ ಹತ್ತಿರ ಪೈಪ್ ಪರೀಕ್ಷೆ ಮಾಡುವ ಕೈಪಂಪು ತರಿಸಿ, ನೀರು ತುಂಬಿ 12 ಬಾರ್‌ವರೆಗೆ ಒತ್ತಿ ಅರ್ಧ ಗಂಟೆ ಬಿಟ್ಟು ನೋಡಿದೆ. ಇನ್ನೂರು ರೂಪಾಯಿ ಮತ್ತು ಒಂದು ಚಾ. ನೀರಿನ ಬದಲು ಗಾಳಿ ತುಂಬಿ ಪರೀಕ್ಷೆ ಮಾಡಲೇಬೇಡಿ. ಅಡುಗೆ ಗ್ಯಾಸಿನ ಸಿಲಿಂಡರ್ ತರುವ ಯೋಚನೆಯೂ ಬೇಡ. ಒತ್ತಡ ಮೀರಿದರೆ ತಾನೇ ಗಾಳಿ ಬಿಡುವ 7 ಬಾರ್‌ನ ಸೇಫ್ಟಿ ವಾಲ್ವ್ ಇಲ್ಲದೆ ನಾನು ಸ್ವಿಚ್ ಹಾಕಿಲ್ಲ.

ಎಲ್ಲರೂ ಎಡವುವುದು ಇದರ ನಂತರ. ಫ್ರಿಜ್ ಕಂಪ್ರೆಸರಿಗೆ ಎದುರಿನಿಂದ ಒತ್ತಡ ಇದ್ದರೆ ಶುರುವಾಗಲು ಆಗುವುದಿಲ್ಲ. ಸ್ವಲ್ಪ ಗುಂಯ್ ಅಂದು, ಓವರ್‌ಲೋಡ್ 'ಟಕ್' ಅಂದು ಸುಮ್ಮನಾಗುತ್ತದೆ. ನಾನು ಒಂದು ವಾರ ರಿಲೇಯನ್ನೇ ಬೈದೆ. ಟ್ಯಾಂಕಿನ ಮೊದಲು, ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಬೇಕು. ಒತ್ತಡ ನೋಡಿ ಮೋಟರನ್ನು ತಾನೇ ಶುರು ಮಾಡಿ ನಿಲ್ಲಿಸುವ, ನಿಂತ ಕೂಡಲೇ 'ಪುಸ್' ಎಂದು ಗಾಳಿ ಬಿಡುವ ಪ್ರೆಶರ್ ಸ್ವಿಚ್ ಬೇಕು. ಆ ಸ್ವಿಚ್ಚಿನ ಸಣ್ಣ ಕೊಳವೆ ವಾಲ್ವಿನ ಕಂಪ್ರೆಸರ್ ಕಡೆಗೆ ಸೇರಬೇಕು. ನಾನು ಮೊದಲು ಟ್ಯಾಂಕ್ ಕಡೆಗೆ ಸೇರಿಸಿದ್ದೆ. ನಿಂತ ಕೂಡಲೇ ಇಡೀ ಟ್ಯಾಂಕ್ ಖಾಲಿ!

ಕಂಪ್ರೆಸರಿನಿಂದ ವಾಲ್ವಿಗೆ ಹೋಗುವ ದಾರಿಯಲ್ಲಿ ಮೂರು ಮೀಟರ್ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಅದರ ನಂತರ ಫಿಲ್ಟರ್. ಇಷ್ಟೇ. ಜುಲೈಯಲ್ಲಿ ಒಂದು ಸಂಜೆಯ ಕೆಲಸಕ್ಕೆ ಎರಡು ಮೂರು ಚಮಚ ನೀರು ಫಿಲ್ಟರಿನಲ್ಲೂ ಟ್ಯಾಂಕಿನಲ್ಲೂ ಸಿಗುತ್ತದೆ. ಗನ್ನಿಗೆ ಒಂದು ಹನಿಯೂ ಬರುವುದಿಲ್ಲ. ನಡುವೆ ಸಿಲಿಕಾ ಜೆಲ್ ತುಂಬಿಯೂ ನೋಡಿದ್ದೆ. ನೀಲಿ ಹರಳು ನಾಲ್ಕು ದಿನಕ್ಕೆ ಗುಲಾಬಿ ಆಗುತ್ತಿತ್ತು, ಹಳೇ ಕಾವಲಿಯಲ್ಲಿ ಹುರಿದು ಮತ್ತೆ ನೀಲಿ ಮಾಡಬೇಕು. ಬೇಜಾರಾಗಿ ಬಿಟ್ಟೆ.

ಖಾಲಿ ಟ್ಯಾಂಕ್ 5 ಬಾರ್‌ಗೆ ತುಂಬಲು ಆರೇಳು ನಿಮಿಷ. 3ಕ್ಕೆ ಇಳಿದಾಗ ಮತ್ತೆ ಶುರು. ನಡುವೆ ನಲವತ್ತು ಲೀಟರ್ ಗಾಳಿ ಮೋಟರ್ ಇಲ್ಲದೆ ಸಿಗುತ್ತದೆ, ಟ್ರಿಗರ್ ಬಿಡದೆ ಒತ್ತಿದರೂ ನಾಲ್ಕು ನಿಮಿಷ. ಸದ್ದು ಫ್ರಿಜ್ಜಿನಷ್ಟೇ. ಅರ್ಧ ಗಂಟೆ ಓಡಿದ ಮೇಲೆ ಮುಟ್ಟಿ ನೋಡುತ್ತೇನೆ, ಕೈ ಇಡಲಾಗದಿದ್ದರೆ ಚಾ ಕುಡಿಯಲು ಏಳುತ್ತೇನೆ. ಗನ್ನಿನ ಒತ್ತಡ ಹೊಂದಿಸುವಾಗ ಟ್ರಿಗರ್ ಒತ್ತಿಕೊಂಡೇ ಮೀಟರಿನ ಮುಳ್ಳು ನೋಡಿ. ಸುಮ್ಮನಿದ್ದಾಗ 20 ಪಿಎಸ್ಐ ತೋರಿಸುವುದು ಒತ್ತಿದರೆ 15ಕ್ಕೆ ಬೀಳುತ್ತದೆ.

ಕಳೆದ ಚೌತಿಗೆ ತಮ್ಮ ತಂದ ಮಣ್ಣಿನ ಗಣಪತಿಗೆ 0.5 ನಾಜಲ್ ಹಾಕಿ ಕಿವಿಯ ಒಳಗೆ, ಸೊಂಡಿಲಿನ ಮಡಿಕೆಗೆ ನೆರಳು ಬಿಟ್ಟೆ. ಹಸಿ ಮಣ್ಣಿಗೆ 25 ಪಿಎಸ್ಐ ಜಾಸ್ತಿಯಾಗಿ ಮೊದಲ ಸಲ ಬಣ್ಣ ಜೇಡನ ಕಾಲಿನ ಹಾಗೆ ಓಡಿತು. 15ಕ್ಕೆ ಇಳಿಸಿದ ಮೇಲೆ ಸರಿಯಾಯಿತು.

ಒಟ್ಟು ಖರ್ಚು ಐದೂವರೆ ಸಾವಿರದ ಆಸುಪಾಸು, ಸುಟ್ಟ ಎರಡನ್ನು ಲೆಕ್ಕಕ್ಕೆ ಹಿಡಿಯದೆ. ನಕ್ಕವರಲ್ಲಿ ಇಬ್ಬರು ಈಗ ತಮಗೂ ಒಂದು ಮಾಡಿಕೊಡು ಅನ್ನುತ್ತಿದ್ದಾರೆ. ಮೊನ್ನೆ ಅವರಿಗಾಗಿ ಅದೇ ಗುಜರಿಗೆ ಹೋಗಿದ್ದೆ. ನನ್ನನ್ನು ನೋಡಿದ ಕೂಡಲೇ ಗುಜರಿಯವರು ಸಾವಿರದ ಇನ್ನೂರು ಅಂದರು.