ಮಗುಗೆ ವೀಜಿಂಗ್ (ಉಸಿರಾಡೋವಾಗ ಸುಂಯ್ ಸುಂಯ್ ಸದ್ದು) ಶುರುವಾದ್ರೆ ಅಪರಾತ್ರಿಲಿ ಆಸ್ಪತ್ರೆಗೆ ಓಡೋದನ್ನ ಹೇಗೆ ತಪ್ಪಿಸೋದು

ನಮ್ಮ ಮಗಳಿಗೆ ಈಗ ಏಳು ವರ್ಷ, ಆಸ್ತಮಾ (ಉಬ್ಬಸ) ಇದೆ, ಅವಳಿಗೆ ಐದು ತುಂಬೋಷ್ಟರಲ್ಲಿ ಮೂರು ಸಲ ಅಡ್ಮಿಟ್ ಮಾಡಿದ್ವಿ, ಮೂರೂ ಸಲ ರಾತ್ರಿ ಎರಡು ಗಂಟೆ ಮೇಲೆ. ಮೂರನೇ ಸಲ ಡಿಸ್ಚಾರ್ಜ್ ಮಾಡೋವಾಗ ಒಬ್ರು ನರ್ಸ್ "ಪಂಪ್ (ಇನ್ಹೇಲರ್) ಹೆಂಗೆ ಹಾಕ್ತೀರಾ, ನನ್ ಮುಂದೆ ಹಾಕಿ ತೋರ್ಸಿ" ಅಂದ್ರು. ತೋರಿಸ್ದೆ. ಅಲ್ಲಾಡಿಸಲಿಲ್ಲ, ಎರಡು ಪಫ್ ಒಟ್ಟಿಗೆ ಒತ್ತಿದೆ, ಮಾಸ್ಕ್ ಪಕ್ಕದಲ್ಲಿ ಬೆರಳು ತೂರೋಷ್ಟು ಜಾಗ. "ಔಷಧಿ ಎಲ್ಲಾ ಗಾಳಿಗೆ ಹೋಯ್ತಲ್ಲಮ್ಮ" ಅಂದ್ರು ಅಷ್ಟೇ. ಒಂದು ವರ್ಷದಿಂದ ನಾವು ಗಾಳಿಗೇ ಔಷಧಿ ಹಾಕ್ತಿದ್ವಿ.

ಹಾಗಾಗಿ ಮೊದ್ಲು ಅದನ್ನೇ ಹೇಳ್ತೀನಿ. ಇನ್ಹೇಲರ್ ಚೆನ್ನಾಗಿ ಅಲ್ಲಾಡಿಸಿ, ಮಾಸ್ಕ್ ಇರೋ ಪ್ಲಾಸ್ಟಿಕ್ ಕೊಳವೆಗೆ, ಅಂದ್ರೆ ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕ್ ಮೂಗು ಬಾಯಿ ಎರಡೂ ಮುಚ್ಚೋ ಹಾಗೆ ಒತ್ತಿ ಹಿಡೀರಿ. ಒಂದೇ ಒಂದು ಪಫ್. ಮಗು ಐದಾರು ಸಲ ಮಾಮೂಲಾಗಿ ಉಸಿರಾಡ್ಲಿ, ವಾಲ್ವ್ ಟಿಕ್ ಟಿಕ್ ಅಂತ ಆಡೋದು ಗೊತ್ತಾಗುತ್ತೆ. ಆಮೇಲೆ ಮತ್ತೆ ಅಲ್ಲಾಡಿಸಿ ಎರಡನೇ ಪಫ್. ಸ್ಪೇಸರ್ ತೊಳೆಯೋದು ಸೋಪ್ ನೀರಲ್ಲಿ ಅದ್ದಿ, ಹಾಗೇ ಒಣಗೋಕೆ ಬಿಡಬೇಕು, ಬಟ್ಟೇಲಿ ಉಜ್ಜಿದ್ರೆ ಪ್ಲಾಸ್ಟಿಕ್‌ಗೆ ಸ್ಟ್ಯಾಟಿಕ್ ಬಂದು ಔಷಧಿ ಗೋಡೆಗೇ ಅಂಟ್ಕೊಳ್ಳುತ್ತೆ (ನಾನು ಪ್ರತೀ ಸಲ ಟವೆಲ್ಲಲ್ಲಿ ಫಳಫಳ ಅನ್ನೋ ಹಾಗೆ ಒರೆಸ್ತಿದ್ದೆ). ಇನ್ಹೇಲರ್ ಡಬ್ಬಿ ನೀರಲ್ಲಿ ತೇಲುತ್ತಾ ಮುಳುಗುತ್ತಾ ಅಂತ ನೋಡಿ ಖಾಲಿಯಾಗಿದೆಯಾ ಅಂತ ಹೇಳೋಕಾಗಲ್ಲ, ಅದನ್ನ ನಂಬ್ಬೇಡಿ. ಎಷ್ಟು ಪಫ್ ಉಳಿದಿದೆ ಅಂತ ತೋರಿಸೋ ಕೌಂಟರ್ ಇರೋದನ್ನ ತಗೊಳ್ಳಿ, ಇಲ್ಲಾಂದ್ರೆ ಕ್ಯಾಲೆಂಡರಲ್ಲಿ ಗೀಟು ಹಾಕ್ತಾ ಹೋಗಿ.

ಇನ್ನೊಂದು ಗೊಂದಲ, ಎರಡು ಪಂಪ್ ಇರುತ್ತಲ್ಲ ಅದು. ಸಾಲ್ಬುಟಮಾಲ್, ಅಂದ್ರೆ ಆಸ್ತಾಲಿನ್ ಥರದ್ದು, ಬಿಗಿದುಕೊಂಡ ಉಸಿರುನಾಳಾನ ನಿಮಿಷಗಳಲ್ಲಿ ಸಡಿಲ ಮಾಡುತ್ತೆ ಆದ್ರೆ ನಾಲ್ಕಾರು ಗಂಟೆ ಅಷ್ಟೇ. ಬುಡೆಸೊನೈಡ್ ಥರದ್ದು ಒಳಗಿನ ಊತ ಇಳಿಸೋದು, ಅದನ್ನ ದಿನಾ ಹಾಕ್ಬೇಕು, ಮಗು ಚೆನ್ನಾಗಿ ಆಡ್ಕೊಂಡಿದ್ರೂ ಹಾಕ್ಬೇಕು, ಹಾಕಿದ್ಮೇಲೆ ಬಾಯಿ ಮುಕ್ಕಳಿಸಬೇಕು, ಮಾಸ್ಕ್ ಆದ್ರೆ ಮುಖಾನೂ ಒರೆಸ್ಬೇಕು. ನಮ್ಮತ್ತೆ "ಅಭ್ಯಾಸ ಆಗೋಗುತ್ತೆ ಕಣಮ್ಮ, ನಿಲ್ಸು" ಅಂತಿದ್ರು, ಎರಡು ವಾರ ಚೆನ್ನಾಗಿದ್ದಾಳಲ್ಲ ಅಂತ ನಾನೂ ನಿಲ್ಲಿಸ್ತಿದ್ದೆ, ಮುಂದಿನ ನೆಗಡಿಗೆ ನೇರ ವಾರ್ಡಿಗೆ. ಅಭ್ಯಾಸ ಗಿಭ್ಯಾಸ ಏನೂ ಆಗಲ್ಲ. ನಿಲ್ಸೋದಾ ಕಮ್ಮಿ ಮಾಡೋದಾ ಡಾಕ್ಟರ್ ಹೇಳ್ಲಿ.

ಅಟ್ಯಾಕ್ ಅನ್ನೋದು ಸಡನ್ನಾಗಿ ಬರುತ್ತೆ ಅನ್ಸುತ್ತೆ, ಆದ್ರೆ ನಮ್ಮ ಮನೇಲಿ ಯಾವತ್ತೂ ಒಂದೆರಡು ದಿನ ಮುಂಚೆ ಸುಳಿವು ಕೊಟ್ಟೇ ಬಂದಿರೋದು. ಮೂಗು ಸೋರುತ್ತೆ, ನಿದ್ದೇಲಿ ಬೆಳಗಿನ ಜಾವ ಒಣಕೆಮ್ಮು, ಮೆಟ್ಟಿಲು ಹತ್ತಿ ಬಂದು ಸುಮ್ನೆ ಕೂತ್ಕೋತಾಳೆ. ಈ ಹಂತದಲ್ಲಿ ಏನ್ ಮಾಡ್ಬೇಕು ಅಂತ ಡಾಕ್ಟರ್ ಹತ್ರ ಒಂದು ಶೀಟ್ ಬರೆಸ್ಕೊಳ್ಳಿ, ಆಸ್ತಮಾ ಆಕ್ಷನ್ ಪ್ಲಾನ್ ಅಂತ ಕೇಳಿದ್ರೆ ಬರ್ಕೊಡ್ತಾರೆ. ನಮ್ಮದು ಫ್ರಿಜ್ ಬಾಗಿಲ ಮೇಲಿದೆ. ಮಲಗಿರೋವಾಗ ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ. ಒಂದರಿಂದ ಐದು ವರ್ಷದ ಮಗುಗೆ 40 ದಾಟಿದ್ರೆ ಜಾಸ್ತಿ ಅಂತ ಲೆಕ್ಕ, ದೊಡ್ಡ ಮಕ್ಕಳಿಗೆ 30.

ರಾತ್ರಿ ಸುಂಯ್ ಸುಂಯ್ ಅಂತ ಶುರುವಾಯ್ತು ಅಂದ್ರೆ ಮಲಗಿಸ್ಬೇಡಿ, ತೊಡೆ ಮೇಲೆ ನೆಟ್ಟಗೆ ಕೂರಿಸ್ಕೊಳ್ಳಿ, ಲೈಟ್ ಹಾಕಿ, ನೀವು ಗಾಬರಿಯಾದ್ರೆ ಮಗು ಅಳುತ್ತೆ, ಅತ್ರೆ ಉಸಿರು ಇನ್ನೂ ಕಷ್ಟ. ನಮ್ಮ ಶೀಟಲ್ಲಿರೋದು ಹೀಗೆ: ಸಾಲ್ಬುಟಮಾಲ್ 4 ಪಫ್ ಒಂದೊಂದಾಗಿ, ಟೈಮ್ ಬರೆದಿಟ್ಕೊಂಡು 20 ನಿಮಿಷ ನೋಡೋದು, ಇಳೀಲಿಲ್ಲ ಅಂದ್ರೆ ಇನ್ನೊಂದು ಸಲ, ಮೂರನೇ ಸಲ ಬೇಕು ಅನ್ನಿಸಿದ್ರೆ ಅದನ್ನ ಹಾಕ್ತಾನೇ ಹೊರಡೋದು. ನಿಮ್ಮ ಮಗುಗೆ ಎಷ್ಟು ಅನ್ನೋದು ನಿಮ್ಮ ಶೀಟಲ್ಲೇ ಇರ್ಬೇಕು, ನಮ್ಮದನ್ನ ಕಾಪಿ ಮಾಡ್ಬೇಡಿ. ಹಾಕಿದ ಪಂಪ್ ಮೂರು ನಾಲ್ಕು ಗಂಟೆನೂ ತಡೀತಿಲ್ಲ ಅಂದ್ರೂ ಹೊರಡಿ.

ಇನ್ನು ಕೆಲವಕ್ಕೆ 20 ನಿಮಿಷನೂ ಕಾಯಂಗಿಲ್ಲ. ಬಟ್ಟೆ ಎತ್ತಿ ಎದೆ ನೋಡಿ, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ, ಗಂಟಲ ಗುಳೀಲಿ ಚರ್ಮ ಒಳಗೆ ಎಳೀತಾ ಇದ್ರೆ, ಒಂದು ಪೂರ್ತಿ ವಾಕ್ಯ ಹೇಳೋಕಾಗ್ದೆ ಎರಡೆರಡು ಪದ ಹೇಳ್ತಿದ್ರೆ, ತುಟಿ ನೀಲಿ ಅಥವಾ ಬೂದಿ ಬಣ್ಣ ಆದ್ರೆ, ಮಂಪರು ಬಂದ ಹಾಗೆ ಜೋತು ಬಿದ್ರೆ, ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರಲ್ಲಿ ಆಕ್ಸಿಜನ್ 92ಕ್ಕಿಂತ ಕೆಳಗಿದ್ರೆ, 108ಕ್ಕೆ ಫೋನ್ ಮಾಡಿ, ದಾರೀಲೂ ಪಂಪ್ ಹಾಕ್ತಾ ಇರಿ. ನಂಬರ್ ಚೆನ್ನಾಗಿದ್ದು ಮಗು ಒದ್ದಾಡ್ತಿದ್ರೆ ಮಗೂನೇ ನಂಬಿ. ಸುಂಯ್ ಸದ್ದು ನಿಂತೋಯ್ತು ಆದ್ರೆ ಮಗು ಸುಸ್ತಾಗಿದೆ ಅಂದ್ರೆ ಅದು ವಾಸಿಯಾಗಿದ್ದಲ್ಲ, ಗಾಳಿನೇ ಆಡ್ತಿಲ್ಲ ಅಂತ ಅರ್ಥ. ಆಸ್ಪತ್ರೆ ತಪ್ಪಿಸೋದು ಅಂದ್ರೆ ಇಂಥ ಹೊತ್ತಲ್ಲಿ ಮನೇಲಿ ಕೂರೋದಲ್ಲ.

ಬಿಸಿನೀರಿನ ಹಬೆ ಬೇಡ, ಸುಟ್ಕೊಂಡ್ರೆ ಇನ್ನೊಂದು ಕಷ್ಟ. ಎದೆಗೆ ಕರ್ಪೂರದ ಎಣ್ಣೆ, ವಿಕ್ಸ್ ಘಾಟೂ ಬೇಡ. ಕೆಮ್ಮು ನಿಲ್ಲಿಸೋ ಸಿರಪ್‌ನಿಂದ ಉಬ್ಬಸ ಇಳಿಯಲ್ಲ. ಹೈದರಾಬಾದಲ್ಲಿ ಮೃಗಶಿರ ಮಳೆ ಹೊತ್ತಿಗೆ ಮೀನಿನ ಬಾಯಲ್ಲಿಟ್ಟು ಕೊಡೋ ಔಷಧಿ ಬಗ್ಗೆ ನಮಗೂ ಹತ್ತು ಜನ ಹೇಳಿದ್ರು, ನಾವು ಹೋಗ್ಲಿಲ್ಲ, ಹೋಗೋರು ದಿನದ ಪಂಪ್ ಮಾತ್ರ ನಿಲ್ಲಿಸ್ಬೇಡಿ.

ಮನೇಲಿ ನಾವು ಮಾಡಿದ ದೊಡ್ಡ ಬದಲಾವಣೆ ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದ್ದು. ಊದುಬತ್ತಿ ದೇವರ ಕೋಣೆಯಿಂದ ಬಾಲ್ಕನಿಗೆ ಹೋಯ್ತು, ಅದಕ್ಕೆ ಒಂದು ವಾರ ಮನೇಲಿ ಮಾತಿಲ್ಲ. ಹೊದಿಕೆ ವಾರಕ್ಕೊಂದ್ಸಲ ಬಿಸಿನೀರಿಗೆ, ಗುಡಿಸೋ ಬದ್ಲು ಒದ್ದೆ ಬಟ್ಟೇಲಿ ಒರೆಸೋದು, ಜಿರಲೆ ಇಲ್ದಂಗೆ ನೋಡ್ಕೊಳೋದು. ಸಿಗರೇಟ್ ಬಾಲ್ಕನೀಲಿ ಸೇದಿದ್ರೂ ಬಟ್ಟೇಲಿ ಒಳಗೆ ಬರುತ್ತೆ. ದೀಪಾವಳಿ ಮೂರು ದಿನ ಸಂಜೆ ಕಿಟಕಿ ಬಂದ್. ವರ್ಷಕ್ಕೊಂದು ಫ್ಲೂ ಇಂಜೆಕ್ಷನ್.

ಸ್ಕೂಲಿಗೆ ಇನ್ನೊಂದು ಸೆಟ್ ಪಂಪ್, ಸ್ಪೇಸರ್, ಶೀಟಿನ ಜೆರಾಕ್ಸ್ ಕೊಟ್ಟಿದೀವಿ. ಬ್ಯಾಗಲ್ಲಿ ಇಟ್ಟು ಕಳಿಸೋದಲ್ಲ, ಕ್ಲಾಸ್ ಮಿಸ್‌ಗೆ ಒಂದ್ಸಲ ಹಾಕಿ ತೋರಿಸ್ಬೇಕು. ಅಟ್ಯಾಕ್ ಮನೇಲೇ ಇಳಿದ್ರೂ ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸಿ, ಹೋಗೋವಾಗ ಸ್ಪೇಸರ್ ತಗೊಂಡೋಗಿ ಅವರ ಮುಂದೆ ಒಂದು ಪಫ್ ಹಾಕಿ ತೋರಿಸಿ. ನಾನು ಈಗ್ಲೂ ಪ್ರತಿ ವಿಸಿಟಲ್ಲಿ ತೋರಿಸ್ತೀನಿ, ಹೋದ ತಿಂಗಳು ಅಲ್ಲಾಡಿಸೋದು ಮರೆತಿದ್ದೆ, ಮಗಳೇ "ಅಮ್ಮಾ ಶೇಕ್" ಅಂದ್ಲು.